ಫೋಟೋ ಸೈಜ್ ಕಡಿಮೆ ಮಾಡುವ ಸೈಟಿಗೆ ಆಧಾರ್ ಹಾಕಿದರೆ ಅದು ಎಲ್ಲಿಗೆ ಹೋಗುತ್ತದೆ?

ಅರ್ಜಿ ತುಂಬಲು ಅಂದೇ ಕೊನೆಯ ದಿನ. 'ಫೋಟೋ 50 ಕೆಬಿ ಮೀರಬಾರದು' ಎಂದು ಪುಟ ಹಟ ಹಿಡಿದಿದೆ. ಹುಡುಕಿದಾಗ ಮೊದಲು ಸಿಕ್ಕ ಉಚಿತ ಸೈಟಿಗೆ ಫೋಟೋ, ಸಹಿ, ಆಧಾರ್ ಎಲ್ಲವನ್ನೂ ಹಾಕಿ ಚಿಕ್ಕದು ಮಾಡಿಕೊಳ್ಳುತ್ತೇವೆ. ನಾನೂ ಹಾಗೇ ಮಾಡಿದ್ದೇನೆ. "ಸೈಜ್ ತಾನೇ, ಅದರಲ್ಲೇನು ಅಪಾಯ?" ಎನ್ನುವವರು ಒಂದು ಕಡೆ, "ಅಂಥ ಸೈಟುಗಳೆಲ್ಲ ಕಳ್ಳರದ್ದು" ಎಂದು ಫಾರ್ವರ್ಡ್ ಮಾಡುವವರು ಇನ್ನೊಂದು ಕಡೆ. ಎರಡೂ ಪೂರ್ತಿ ಸರಿಯಲ್ಲ.

ಚಿತ್ರ ಚಿಕ್ಕದಾಗುವುದು ಹೇಗೆ?

ಡಿಜಿಟಲ್ ಚಿತ್ರವೆಂದರೆ ಬಣ್ಣದ ಚುಕ್ಕೆಗಳ ಸಾಲು. 4000 ಅಗಲ, 3000 ಎತ್ತರದ ಫೋಟೋದಲ್ಲಿ 1.2 ಕೋಟಿ ಚುಕ್ಕೆಗಳಿರುತ್ತವೆ. ಅದನ್ನು 400 × 300ಕ್ಕೆ ಇಳಿಸಿದರೆ ಉಳಿಯುವುದು 1.2 ಲಕ್ಷ. ನೂರು ಚುಕ್ಕೆಗಳಿದ್ದ ಜಾಗದಲ್ಲಿ ಈಗ ಒಂದೇ ಒಂದು. ಹೋದ ವಿವರ ಮರಳಿ ಬರುವುದಿಲ್ಲ. 'ಎಚ್‌ಡಿ ಮಾಡಿಕೊಡುತ್ತೇವೆ' ಎನ್ನುವ ಆ್ಯಪ್‌ಗಳು ಕಳೆದುಹೋದ ವಿವರವನ್ನು ಊಹಿಸಿ ತುಂಬುತ್ತವೆ, ಅಷ್ಟೇ.

ಈ ಕೆಲಸ ಎಲ್ಲಿ ನಡೆಯುತ್ತದೆ?

ಮೂರು ಬಗೆಗಳಿವೆ. ಕೆಲವು ಸೈಟುಗಳು ನಿಮ್ಮ ಫೋನಿನ ಬ್ರೌಸರ್‌ನಲ್ಲೇ ಲೆಕ್ಕ ಮುಗಿಸುತ್ತವೆ. ಫೋಟೋ ಫೋನಿನಿಂದ ಹೊರಗೆ ಹೋಗುವ ಅಗತ್ಯವೇ ಇಲ್ಲ. ಕೆಲವು ತಮ್ಮ ಸರ್ವರ್‌ಗೆ ತರಿಸಿಕೊಳ್ಳುತ್ತವೆ. ಇನ್ನು ಕೆಲವು ಈ ಕೆಲಸವನ್ನು ಬೇರೊಂದು ಕಂಪನಿಯ ಸೇವೆಗೆ ವಹಿಸುತ್ತವೆ.

ಮೂರನೆಯದು ಅಪರೂಪವೇನಲ್ಲ. ಸುದ್ದಿ ಅಥವಾ ಶಾಪಿಂಗ್ ಸೈಟಿನಲ್ಲಿ ಒಂದೇ ಚಿತ್ರ ಮೊಬೈಲಿಗೆ ಚಿಕ್ಕದಾಗಿ, ಕಂಪ್ಯೂಟರಿಗೆ ದೊಡ್ಡದಾಗಿ ಬೇಕು. ಹಾಗಾಗಿ ಸೈಟು ಚಿತ್ರದ ವಿಳಾಸದ ಜೊತೆಗೆ 'ಅಗಲ 400 ಸಾಕು' ಎಂಬ ಸೂಚನೆ ಸೇರಿಸುತ್ತದೆ. ಸೇವೆಯು ಮೂಲ ಚಿತ್ರವನ್ನು ತಂದು, ಕುಗ್ಗಿಸಿ, ನಿಮ್ಮ ಫೋನಿಗೆ ಕಳಿಸುತ್ತದೆ. ಮತ್ತೆ ಯಾರಾದರೂ ಕೇಳಿದರೆ ಬೇಗ ಕೊಡಲೆಂದು ಒಂದು ಪ್ರತಿಯನ್ನು ಇಟ್ಟುಕೊಳ್ಳುತ್ತದೆ. ಇದರಿಂದ ನಿಮ್ಮ ಡೇಟಾ ಉಳಿಯುತ್ತದೆ, ಪುಟವೂ ಬೇಗ ತೆರೆಯುತ್ತದೆ.

ಹೂವಿನ ಫೋಟೋ ಆದರೆ ಚಿಂತೆಯಿಲ್ಲ. ಆಧಾರ್ ಆದರೆ? ಮೂಲವನ್ನು ಅಳಿಸಿದರೂ ಆ ಪ್ರತಿ ಅವಧಿ ಮುಗಿಯುವವರೆಗೆ ಉಳಿದಿರಬಹುದು. ಪ್ರತಿಯ ವಿಳಾಸಕ್ಕೆ ಬೀಗವಿಲ್ಲದಿದ್ದರೆ, ವಿಳಾಸ ಸಿಕ್ಕ ಯಾರು ಬೇಕಾದರೂ ತೆರೆಯಬಹುದು.

ನೀವೇ ಪರೀಕ್ಷಿಸಿ

ಸೈಟು ತೆರೆದ ಮೇಲೆ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ. ಒಂದು ಮಾಮೂಲಿ ಚಿತ್ರವನ್ನು ಕುಗ್ಗಿಸಿ ನೋಡಿ. ಕೆಲಸ ಆದರೆ ಅದು ನಿಮ್ಮ ಫೋನಿನಲ್ಲೇ ಆಗುತ್ತಿದೆ. ಆಗದಿದ್ದರೆ ಫೋಟೋ ಹೊರಗೆ ಹೋಗುತ್ತದೆ ಎಂದೇ ತಿಳಿಯಿರಿ. ದಾಖಲೆಯನ್ನೂ ನೆಟ್ ಇಲ್ಲದೆಯೇ ಕುಗ್ಗಿಸಿ, ಆ ಪುಟ ಮುಚ್ಚಿದ ಮೇಲೆ ನೆಟ್ ಆನ್ ಮಾಡಿ.

ಇಷ್ಟು ಮಾಡಿ

• ಮೊದಲು ಗ್ಯಾಲರಿಯಲ್ಲೇ ಕ್ರಾಪ್ ಮಾಡಿ. ಹಲವು ಫೋನುಗಳಲ್ಲಿ ಸೈಜ್ ಇಳಿಸುವ ಸೌಲಭ್ಯವೂ ಇದೆ.
• ಒಪ್ಪುವ ಕಡೆಯೆಲ್ಲ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಕೊನೆಯ 4 ಅಂಕಿಗಳಷ್ಟೇ ಕಾಣುತ್ತವೆ. ಯುಐಡಿಎಐ ಜಾಲತಾಣದಲ್ಲಿ ಸಿಗುತ್ತದೆ.
• ಮೂಲ ಫೋಟೋ ಅಳಿಸಬೇಡಿ. ಚಿಕ್ಕದನ್ನು ಮತ್ತೆ ದೊಡ್ಡದು ಮಾಡಲಾಗದು.
• ಸೈಬರ್ ಸೆಂಟರ್‌ನಲ್ಲಿ ಮಾಡಿಸಿದರೆ, ಹೊರಡುವ ಮುನ್ನ ಡೌನ್‌ಲೋಡ್ ಫೋಲ್ಡರ್ ಮತ್ತು ರೀಸೈಕಲ್ ಬಿನ್ ಎರಡರಿಂದಲೂ ಅಳಿಸಲು ಹೇಳಿ.

ಒಟ್ಟಿನಲ್ಲಿ, ಸೈಜ್ ಇಳಿಸುವುದರಲ್ಲಿ ಅಪಾಯವಿಲ್ಲ. ಯಾರ ಕೈಯಲ್ಲಿ ಇಳಿಸುತ್ತೀರಿ ಎನ್ನುವುದರಲ್ಲಿದೆ. ಮನೆಯಲ್ಲಿ ಅರ್ಜಿ ತುಂಬುತ್ತಿರುವ ಮಕ್ಕಳಿದ್ದರೆ ಅವರಿಗೆ ಇದನ್ನು ಕಳಿಸಿ.