ಹಳೆಯ ಸರಕು ವಾಹನಗಳ ಇಂಡಿಕೇಟರ್ ಮತ್ತು ಹಾರ್ನ್: ದೋಷ ಪತ್ತೆಯ ಸರಳ ಕ್ರಮ

ಬಳ್ಳಾರಿ ಜಿಲ್ಲೆಯ ವ್ಯಾಪಾರ ವಹಿವಾಟಿನಲ್ಲಿ ದೊಡ್ಡ ಲಾರಿಗಳಷ್ಟೇ ಸಣ್ಣ ಸರಕು ವಾಹನಗಳ ಪಾತ್ರವೂ ಹಿರಿದು. ಸಿರುಗುಪ್ಪದ ಗಿರಣಿಗಳಿಂದ ಅಕ್ಕಿ ಮೂಟೆ, ಕುರುಗೋಡು ಭಾಗದ ಹೊಲಗಳಿಂದ ಮೆಣಸಿನಕಾಯಿ ಚೀಲ, ನಗರದ ಜೀನ್ಸ್ ಘಟಕಗಳಿಂದ ಬಟ್ಟೆಯ ಗಂಟು, ಇವೆಲ್ಲವೂ ಬಹುಪಾಲು ಇಂತಹ ವಾಹನಗಳಲ್ಲಿಯೇ ಸಾಗುತ್ತವೆ. 1986ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ 407ರ ಹಳೆಯ ಗಾಡಿಗಳು ಹಾಗೂ ಮಹೀಂದ್ರ ಪಿಕ್‌ಅಪ್‌ಗಳು ಸಣ್ಣ ಉದ್ದಿಮೆದಾರರ ಬಳಿ ದೀರ್ಘಕಾಲ ದುಡಿಯುವಂಥವು. ಇಂಜಿನ್ ಮತ್ತು ಟೈರುಗಳ ಬಗ್ಗೆ ತೋರುವ ಕಾಳಜಿಯನ್ನು ಮಾಲೀಕರು ಇಂಡಿಕೇಟರ್ ಹಾಗೂ ಹಾರ್ನ್ ಬಗ್ಗೆ ತೋರುವುದು ಮಾತ್ರ ವಿರಳ.

ಈ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಬಳ್ಳಾರಿ ಮತ್ತು ಸಿರುಗುಪ್ಪಗಳ ನಡುವಿನ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಪೂರ್ಣ ಭಾರ ಹೊತ್ತ ವಾಹನವೊಂದು ಗಿರಣಿಯ ದ್ವಾರದತ್ತ ಬಲಕ್ಕೆ ಹೊರಳುವಾಗ, ಹಿಂದೆ ವೇಗವಾಗಿ ಬರುತ್ತಿರುವ ಬಸ್ಸಿನ ಚಾಲಕನಿಗೆ ದೊರೆಯುವ ಮುನ್ಸೂಚನೆಯೆಂದರೆ ಆ ಹಳದಿ ದೀಪ ಮಾತ್ರ. ಅದು ಮಿನುಗದಿದ್ದರೆ ಸರಕು, ವಾಹನ, ಜೀವ ಮೂರೂ ಅಪಾಯಕ್ಕೆ ಸಿಲುಕುತ್ತವೆ.

ಕಾನೂನಿನ ದೃಷ್ಟಿಯಿಂದಲೂ ಇದು ಮುಖ್ಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇಂಡಿಕೇಟರ್ ದೀಪವು ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದಂತೆ, 120ಕ್ಕಿಂತ ಹೆಚ್ಚಿಲ್ಲದಂತೆ ಮಿನುಗಬೇಕು. ಒಂದರ ಹಿಂದೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್‌ಗಳಿಗೆ ಅನುಮತಿಯಿಲ್ಲ. ಎಂಟು ವರ್ಷ ಮೀರಿದ ಸರಕು ವಾಹನದ ಅರ್ಹತಾ ಪತ್ರವನ್ನು ಪ್ರತಿ ವರ್ಷ ನವೀಕರಿಸಬೇಕಾಗಿದ್ದು, ದೀಪ ಅಥವಾ ಹಾರ್ನ್ ಕೆಲಸ ಮಾಡದೆ ವಾಹನ ಹಿಂದಿರುಗಿದರೆ ಆ ದಿನದ ಬಾಡಿಗೆಯೂ ನಷ್ಟವಾಗುತ್ತದೆ.

ಮೂಲ ದೋಷ ಎಲ್ಲಿ?

ಇಂಡಿಕೇಟರ್ ಕೆಟ್ಟೊಡನೆ ಹೊಸ ಫ್ಲ್ಯಾಷರ್, ಹಾರ್ನ್ ಕೆಟ್ಟೊಡನೆ ಹೊಸ ಹಾರ್ನ್ ಕೊಳ್ಳುವುದು ಸಾಮಾನ್ಯ ರೂಢಿ. ಆದರೆ ಹಳೆಯ ವಾಹನಗಳಲ್ಲಿ ಎಷ್ಟೋ ವೇಳೆ ದೋಷವಿರುವುದು ಬಿಡಿಭಾಗದಲ್ಲಲ್ಲ, ವಿದ್ಯುತ್ತು ಬ್ಯಾಟರಿಗೆ ಹಿಂದಿರುಗುವ ದಾರಿಯಲ್ಲಿ. ವಾಹನದ ಕಬ್ಬಿಣದ ಚಾಸಿಯೇ ಬ್ಯಾಟರಿಯ ಋಣ ತುದಿಗೆ ಜೋಡಣೆಯಾಗಿದ್ದು, ಮೆಕ್ಯಾನಿಕ್‌ಗಳು ಇದನ್ನು 'ಅರ್ತ್' ಎನ್ನುತ್ತಾರೆ. ಮರದ ಬಾಡಿ ಕಟ್ಟಿಸಿದ ಗಾಡಿಗಳಲ್ಲಿ ಹಿಂಬದಿಯ ದೀಪಕ್ಕೆ ಪ್ರತ್ಯೇಕ ತಂತಿಯ ಮೂಲಕವೇ ಅರ್ತ್ ದೊರೆಯಬೇಕು. ಧೂಳು, ಹೊಟ್ಟು ಮತ್ತು ಗಾಡಿ ತೊಳೆಯುವ ನೀರು ಸೇರಿ ಆ ತಂತಿಯ ಬೋಲ್ಟು ತುಕ್ಕು ಹಿಡಿದರೆ ದೀಪ ಮಂಕಾಗುತ್ತದೆ. ಇಂಡಿಕೇಟರ್ ಹಾಕಿದಾಗ ಹಿಂಬದಿಯ ಇತರ ದೀಪಗಳೂ ಜೊತೆಗೇ ಮಿನುಗತೊಡಗಿದರೆ ಅದು ಅರ್ತ್ ದೋಷದ ಸ್ಪಷ್ಟ ಲಕ್ಷಣ.

ಇಂಡಿಕೇಟರ್ ಪರೀಕ್ಷೆಯ ಕ್ರಮ

ಕಡಿಮೆ ಖರ್ಚಿನದನ್ನು ಮೊದಲು ನೋಡುವುದು ಜಾಣತನ. ಮೊದಲು ಫ್ಯೂಸ್, ಅದು ಸುಟ್ಟಿರದಿದ್ದರೂ ಕೂರುವ ಕ್ಲಿಪ್ಪಿಗೆ ಕಿಲುಬು ಹಿಡಿದಿದ್ದರೆ ವಿದ್ಯುತ್ತು ಹರಿಯದು. ಫ್ಯೂಸ್ ಬದಲು ದಪ್ಪ ತಂತಿ ಸುತ್ತುವ ಪದ್ಧತಿ ವೈರಿಂಗ್‌ಗೇ ಬೆಂಕಿ ತಗಲುವುದಕ್ಕೆ ಆಹ್ವಾನ. ಎರಡನೆಯದಾಗಿ ಬಲ್ಬು ಮತ್ತು ಹೋಲ್ಡರ್. ಮೂರನೆಯದಾಗಿ ಅರ್ತ್, ಬ್ಯಾಟರಿಯ ಋಣ ತುದಿಯಿಂದ ಒಂದು ಉದ್ದ ತಂತಿಯನ್ನು ದೀಪದ ಲೋಹದ ಕವಚಕ್ಕೆ ಮುಟ್ಟಿಸಿದೊಡನೆ ಬೆಳಕು ಹೆಚ್ಚಿದರೆ ದೋಷ ಪತ್ತೆಯಾದಂತೆಯೇ. ನಾಲ್ಕನೆಯದಾಗಿ ಫ್ಲ್ಯಾಷರ್, ಕಡೆಯದಾಗಿ ಸ್ಟಿಯರಿಂಗ್ ಬಳಿಯ ಸ್ವಿಚ್.

ಮಿನುಗುವ ರೀತಿಯೂ ದೋಷದ ಜಾಡು ಹೇಳುತ್ತದೆ. 12 ವೋಲ್ಟಿನಲ್ಲಿ 21 ವ್ಯಾಟಿನ ಎರಡು ಬಲ್ಬುಗಳು ಸುಮಾರು ಮೂರೂವರೆ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತವೆ. ಹಳೆಯ ಮಾದರಿಯ ಫ್ಲ್ಯಾಷರ್ ಈ ಪ್ರವಾಹದ ಕಾವಿನಿಂದಲೇ ಕೆಲಸ ಮಾಡುತ್ತದೆ. ಒಂದು ಬಲ್ಬು ಸುಟ್ಟರೆ ಪ್ರವಾಹ ಅರ್ಧಕ್ಕಿಳಿದು, ಫ್ಲ್ಯಾಷರಿನ ಮಾದರಿಗನುಗುಣವಾಗಿ ದೀಪ ಮಿನುಗದೆ ನಿಲ್ಲುತ್ತದೆ ಇಲ್ಲವೇ ಅತಿ ವೇಗವಾಗಿ ಮಿನುಗುತ್ತದೆ. ಒಂದೇ ಬದಿಯಲ್ಲಿ ಹೀಗಾದರೆ ಫ್ಲ್ಯಾಷರ್ ಕೊಳ್ಳುವ ಮುನ್ನ ಆ ಬದಿಯ ಬಲ್ಬು ನೋಡಬೇಕು. ಎರಡೂ ಬದಿಗೆ ಹೀಗಾದರೆ ಫ್ಲ್ಯಾಷರ್ ಮೇಲೆ ಸಂಶಯಪಡಬಹುದು. ಎಲ್‌ಇಡಿ ಬಲ್ಬು ಹಾಕಿಸಿದ ಮೇಲೆ ದೋಷ ಕಂಡರೆ ಅದಕ್ಕೆ ಒಪ್ಪುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಬೇಕಾಗುತ್ತದೆ.

ಹಾರ್ನ್ ಮೌನವಾದಾಗ

ಹಳೆಯ ಅನೇಕ ವಾಹನಗಳಲ್ಲಿ ಹಾರ್ನಿನ ಗುಂಡಿ ಧನ ವಿದ್ಯುತ್ತನ್ನು ಕೊಡುವುದಿಲ್ಲ, ಅರ್ತ್ ಅನ್ನು ಕೂಡಿಸುತ್ತದೆ. ಆದ್ದರಿಂದಲೇ ಸ್ಟಿಯರಿಂಗ್ ಕಂಬದೊಳಗಿನ ತಂತಿಯ ಹೊದಿಕೆ ಸವೆದು ಕಬ್ಬಿಣಕ್ಕೆ ತಗಲಿದರೆ ಗುಂಡಿ ಒತ್ತದೆಯೇ ಹಾರ್ನ್ ಕೂಗುತ್ತದೆ. ರಿಲೇ ಅಂಟಿಕೊಂಡರೂ ಇದೇ ಪರಿಣಾಮ.

ಹಾರ್ನ್ ಕೂಗದಿದ್ದರೆ ಮೊದಲು ಅದಕ್ಕೆ ಬ್ಯಾಟರಿಯಿಂದ ನೇರವಾಗಿ ಎರಡು ತಂತಿ ಕೊಟ್ಟು ನೋಡಬೇಕು. ಕೂಗಿದರೆ ಹಾರ್ನ್ ಸರಿಯಿದ್ದು, ದೋಷ ಫ್ಯೂಸ್, ರಿಲೇ, ಗುಂಡಿ ಅಥವಾ ವೈರಿಂಗ್‌ನಲ್ಲಿದೆ. ರಿಲೇ ಇರುವ ಗಾಡಿಯಲ್ಲಿ ಗುಂಡಿ ಒತ್ತಿದಾಗ 'ಟಕ್' ಎಂಬ ಸದ್ದು ಬಂದರೆ ಗುಂಡಿಯವರೆಗಿನ ದಾರಿ ಸರಿಯಿದೆ ಎಂದರ್ಥ. ನೇರ ವಿದ್ಯುತ್ತಿಗೂ ಸ್ವರ ಗೊಗ್ಗರವಾಗಿ ಬಂದರೆ ಹಿಂಬದಿಯ ಹೊಂದಾಣಿಕೆ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸಿ ನೋಡಬಹುದು. ಅದಕ್ಕೂ ಸರಿಹೋಗದಿದ್ದರಷ್ಟೇ ಹೊಸ ಹಾರ್ನಿನ ಖರೀದಿ ಸಮರ್ಥನೀಯ.

ಮಾಲೀಕರ ಹೊಣೆ

ಈ ಪರೀಕ್ಷೆಗಳಿಗೆ ಬೇಕಾದ ಸಾಧನಗಳು ಒಂದು ಟೆಸ್ಟ್ ಲ್ಯಾಂಪ್, ಒಂದು ತುಂಡು ವೈರು, ಉಜ್ಜುಕಾಗದ ಮತ್ತು ಸ್ವಲ್ಪ ಗ್ರೀಸ್ ಮಾತ್ರ. ಅರ್ತ್ ಬೋಲ್ಟುಗಳನ್ನು ಬಿಚ್ಚಿ, ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಲೇಪಿಸಿದರೆ ತುಕ್ಕು ಬೇಗ ಮರುಕಳಿಸದು. ಭತ್ತದ ಸುಗ್ಗಿಯಲ್ಲಿ ಗಾಡಿಗಳಿಗೆ ಬಿಡುವಿರುವುದಿಲ್ಲವಾದ್ದರಿಂದ ಈ ಕೆಲಸವನ್ನು ಅದಕ್ಕೆ ಮುನ್ನವೇ ಮುಗಿಸುವುದು ಲೇಸು. ಪ್ರತಿದಿನ ಸರಕು ಹೇರುವ ಮುನ್ನ ನಾಲ್ಕೂ ಇಂಡಿಕೇಟರ್ ಮತ್ತು ಹಾರ್ನ್ ಪರೀಕ್ಷಿಸುವಂತೆ ಚಾಲಕರಿಗೆ ತಿಳಿಸಿ, ಅವರು ಹೇಳಿದ ದೋಷವನ್ನು ಅಂದೇ ಸರಿಪಡಿಸಿಕೊಡುವುದು ಮಾಲೀಕರ ಕರ್ತವ್ಯ.