ದ್ರಾಕ್ಷಿ ಮುಟ್ಟಿದ ಬೆರಳು, 262 ತೋರಿಸಿದ ಮೀಟರ್

ಮೊನ್ನೆ ಬೆಳಗ್ಗೆ ನಮ್ಮ ಮನೆಯ ಶುಗರ್ ಮೀಟರ್ 262 ತೋರಿಸಿತು. ಖಾಲಿ ಹೊಟ್ಟೆಯಲ್ಲಿ ಇಷ್ಟೊಂದಾ? ಎಲ್ಲರಿಗೂ ಗಾಬರಿ. ಕೇಳಿದರೆ, ಅಪ್ಪ ಮೊಮ್ಮಗಳಿಗೆ ದ್ರಾಕ್ಷಿಯ ಬೀಜ ತೆಗೆದುಕೊಟ್ಟು ಅದೇ ಕೈಯ ಬೆರಳು ಚುಚ್ಚಿಕೊಂಡಿದ್ದರು. ಕೈ ತೊಳೆದು ಮತ್ತೆ ನೋಡಿದಾಗ 118. "ಈ ಮಷೀನೇ ಸರಿ ಇಲ್ಲ" ಎಂದು ಗೊಣಗಿದರು. ಆದರೆ ಮಷೀನು ಎರಡು ಸಲವೂ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು.

ಮೀಟರಿಗೆ ರಕ್ತವೂ ಗೊತ್ತಿಲ್ಲ, ಸಕ್ಕರೆಯೂ ಗೊತ್ತಿಲ್ಲ. ಅದು ಅಳೆಯುವುದು ವಿದ್ಯುತ್ತನ್ನು. ಗ್ಲೂಕೋಸನ್ನು ಗುರುತಿಸುವುದು ಸ್ಟ್ರಿಪ್ಪಿನ ತುದಿಯಲ್ಲಿ ಒಣಗಿಸಿಟ್ಟ ಒಂದು ಕಿಣ್ವ. ಹಲವು ಸ್ಟ್ರಿಪ್ಪುಗಳಲ್ಲಿ ಅದು ಗ್ಲೂಕೋಸ್ ಆಕ್ಸಿಡೇಸ್. ಈರುಳ್ಳಿ ಸಿಪ್ಪೆಯ ಮೇಲೆ ಕಾಣುವ ಕಪ್ಪು ಬೂಷ್ಟು, ಆಸ್ಪರ್ಜಿಲಸ್ ನೈಗರ್, ಇದನ್ನು ತಯಾರಿಸಬಲ್ಲದು! ಈ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಸ್ಟ್ರಿಪ್ಪಿನಲ್ಲಿರುವ ಇನ್ನೊಂದು ರಾಸಾಯನಿಕ ಅವನ್ನು ಹೊತ್ತು ಎಲೆಕ್ಟ್ರೋಡಿಗೆ ಮುಟ್ಟಿಸುತ್ತದೆ. ಗ್ಲೂಕೋಸ್ ಹೆಚ್ಚಿದ್ದಷ್ಟೂ ಕರೆಂಟು ಹೆಚ್ಚು. ಅಂದಹಾಗೆ, ಕಾಫಿಗೆ ಹಾಕುವ ಸಕ್ಕರೆ ಅಂದರೆ ಸುಕ್ರೋಸ್. ಅದನ್ನು ಈ ಕಿಣ್ವ ಹೆಚ್ಚುಕಮ್ಮಿ ಮೂಸಿಯೂ ನೋಡುವುದಿಲ್ಲ.

ಈ ಉಪಾಯದ ಮೂಲ 1962ರದ್ದು. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಆಮ್ಲಜನಕ ಅಳೆಯುವ ಎಲೆಕ್ಟ್ರೋಡಿನ ಮುಂದೆ ಇದೇ ಕಿಣ್ವ ಇಡಬಹುದೆಂದು ತೋರಿಸಿದರು. ಪೆನ್ನಿನಾಕಾರದ ಮೀಟರ್ ಮಾರುಕಟ್ಟೆಗೆ ಬಂದದ್ದು 1987ರಲ್ಲಿ.

ಈಗ ದ್ರಾಕ್ಷಿಯ ಲೆಕ್ಕಕ್ಕೆ ಬರೋಣ. ಸ್ಟ್ರಿಪ್ಪು ಅರ್ಧ ಮೈಕ್ರೋಲೀಟರ್ ರಕ್ತ ಹೀರುತ್ತದೆ ಎಂದುಕೊಳ್ಳಿ. ಶುಗರ್ 100 ಇದ್ದರೆ ಅಷ್ಟು ರಕ್ತದಲ್ಲಿರುವ ಗ್ಲೂಕೋಸ್ ಅರ್ಧ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ 20 ಲಕ್ಷದಲ್ಲಿ ಒಂದು ಪಾಲು. ಬೆರಳಿನಿಂದ ಇನ್ನಷ್ಟೇ ಗ್ಲೂಕೋಸ್ ಸೇರಿದರೆ ಸಾಕು, 100 ಇದ್ದದ್ದು 200 ಆಗುತ್ತದೆ. ದ್ರಾಕ್ಷಿ ರಸದಲ್ಲಂತೂ ಗ್ಲೂಕೋಸ್ ಧಾರಾಳ. ಸ್ಪಿರಿಟ್ ಹತ್ತಿಯಲ್ಲಿ ಒಮ್ಮೆ ಒರೆಸಿದರೂ ಇದು ಪೂರ್ತಿ ಹೋಗುವುದಿಲ್ಲ, ನೀರಲ್ಲಿ ತೊಳೆಯಬೇಕು. ತೊಳೆದ ಮೇಲೆ ಒರೆಸಿಕೊಳ್ಳದಿದ್ದರೆ ನೀರು ಬೆರೆತು ಅಂಕಿ ಕಡಿಮೆ ಬರಬಹುದು.

ಇದು ಗಾಬರಿಯಲ್ಲೇ ಮುಗಿಯುವ ವಿಷಯವಲ್ಲ. ಮೀಟರ್ ನೋಡಿ ಇನ್ಸುಲಿನ್ ಡೋಸ್ ನಿರ್ಧರಿಸುವವರು ಇಲ್ಲದ ಶುಗರಿಗೆ ಇನ್ಸುಲಿನ್ ತೆಗೆದುಕೊಂಡರೆ, ಇರುವ ಶುಗರೂ ಕುಸಿದು ಪ್ರಜ್ಞೆ ತಪ್ಪಬಹುದು. ಕೆಲವು ಸ್ಟ್ರಿಪ್ಪುಗಳಲ್ಲಿದ್ದ ಬೇರೊಂದು ಕಿಣ್ವ ಮಾಲ್ಟೋಸನ್ನೂ ಗ್ಲೂಕೋಸ್ ಎಂದೇ ಎಣಿಸುತ್ತಿತ್ತು. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಕೊಡುವ ಐಕೋಡೆಕ್ಸ್ಟ್ರಿನ್ ದ್ರಾವಣ ಮೈಯಲ್ಲಿ ಮಾಲ್ಟೋಸ್ ಆಗುತ್ತದೆ. ಅಂಥವರಲ್ಲಿ ಮೀಟರ್ ತಪ್ಪಾಗಿ ಹೆಚ್ಚು ತೋರಿಸಿ ಸಾವುಗಳೂ ಆದವು. 2009ರಲ್ಲಿ ಅಮೆರಿಕದ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಮನೆಯಲ್ಲಿ ಇಂಥ ಡಯಾಲಿಸಿಸ್ ಆಗುತ್ತಿರುವವರಿದ್ದರೆ, ನಿಮ್ಮ ಸ್ಟ್ರಿಪ್ಪು ಯಾವುದೆಂದು ವೈದ್ಯರಿಗೆ ತೋರಿಸಿ.

ಲ್ಯಾಬ್ ರಿಪೋರ್ಟಿಗೂ ಮೀಟರಿಗೂ ತಾಳೆಯಾಗದಿದ್ದರೆ ತಕ್ಷಣ ಮೀಟರನ್ನು ದೂರಬೇಡಿ. 2013ರ ಐಎಸ್‌ಒ ಮಾನದಂಡದ ಪ್ರಕಾರ, ಲ್ಯಾಬಿನಲ್ಲಿ 100 ಇದ್ದಾಗ ಮೀಟರ್ 85ರಿಂದ 115ರೊಳಗೆ ಎಷ್ಟು ತೋರಿಸಿದರೂ ಅದು ಪಾಸ್. ಹಾಗಾಗಿ ನಿನ್ನೆ 112, ಇವತ್ತು 104 ಬಂತೆಂದು ಮೆಂತ್ಯದ ನೀರಿಗೆ ಸರ್ಟಿಫಿಕೇಟ್ ಕೊಡುವುದು ಸ್ವಲ್ಪ ಅವಸರವೇ.

ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ತಾಗಿ ಕಿಣ್ವ ಹಾಳಾಗುತ್ತದೆ. ಒಂದೊಂದೇ ಸ್ಟ್ರಿಪ್ಪು ತೆಗೆದು, ಆಗಲೇ ಮುಚ್ಚಿಬಿಡಿ. ಒಲೆಯ ಪಕ್ಕದ ಶೆಲ್ಫಿನಲ್ಲಂತೂ ಇಡಬೇಡಿ.