*ಜಾತಕದಲ್ಲಿ ಕಾಣದ ದೋಷ: ಮದುವೆಗೆ ಮುಂಚೆ ಒಂದು ರಕ್ತ ಪರೀಕ್ಷೆ*



ನಾವು ಮುಂಬೈಯಲ್ಲಿರಲಿ, ಪುಣೆಯಲ್ಲಿರಲಿ, ಹೈದರಾಬಾದ್, ಚೆನ್ನೈ, ದೆಹಲಿಯಲ್ಲಿರಲಿ, ಮಗನಿಗೋ ಮಗಳಿಗೋ ಸಂಬಂಧ ನೋಡಲು ಶುರು ಮಾಡಿದರೆ ಮೊದಲು ಹೊರಗೆ ಬರುವುದು ಜಾತಕ. ಗಣ, ಗೋತ್ರ, ನಕ್ಷತ್ರ, ಕುಜದೋಷ ಎಲ್ಲ ನೋಡಿಸುತ್ತೇವೆ. ಹುಡುಗನ ಸಂಬಳ ಎಷ್ಟು, ಫ್ಲ್ಯಾಟಿನ ಮೇಲೆ ಸಾಲ ಎಷ್ಟು ಎಂದು ಪರಿಚಯದವರ ಹತ್ತಿರ ವಿಚಾರಿಸುತ್ತೇವೆ. ಇಷ್ಟೆಲ್ಲ ನೋಡಿದ ಮೇಲೂ ಕಣ್ಣಿಗೆ ಬೀಳದ ಒಂದು ದೋಷ ಉಳಿದುಬಿಡಬಹುದು. ಅದು ರಕ್ತದಲ್ಲಿರುತ್ತದೆ. ಅದರ ಹೆಸರು *ಥಲಸ್ಸೇಮಿಯಾ ಮೈನರ್*. ಇಂದು ಅದರ ಬಗ್ಗೆ ತಿಳಿಯೋಣ. ಮನೆಯಲ್ಲಿ ಮದುವೆ ವಯಸ್ಸಿನ ಮಕ್ಕಳಿದ್ದರೆ ದಯವಿಟ್ಟು ಪೂರ್ತಿ ಓದಿ.

*ಒಂದು ಮನೆಯನ್ನು ಕಲ್ಪಿಸಿಕೊಳ್ಳಿ*

ಗಂಡ ಹೆಂಡತಿ ಇಬ್ಬರೂ ಆರೋಗ್ಯವಂತರು, ಇಬ್ಬರೂ ಕೆಲಸಕ್ಕೆ ಹೋಗುವವರು. ಚೊಚ್ಚಲ ಮಗು ಹುಟ್ಟಿದಾಗ ಮೂರು ಕೆಜಿ ತೂಕ, ಗುಂಡುಗುಂಡಾಗಿದೆ. ಆರೇಳು ತಿಂಗಳಾಗುತ್ತಿದ್ದಂತೆ ಮಗು ಬಿಳಿಚಿಕೊಳ್ಳತೊಡಗುತ್ತದೆ. ಹಾಲು ಸರಿಯಾಗಿ ಕುಡಿಯುವುದಿಲ್ಲ, ಸದಾ ಕಿರಿಕಿರಿ, ತೂಕ ಏರುವುದಿಲ್ಲ, ಹೊಟ್ಟೆ ಮಾತ್ರ ಮುಂದೆ ಬರುತ್ತಿದೆ. ಊರಿಂದ ಬಂದ ಅಜ್ಜಿ "ಹಲ್ಲು ಬರುವ ಹೊತ್ತು, ಹಾಗೇ ಇರತದೆ" ಎನ್ನುತ್ತಾರೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ನಾಲ್ಕು. ಡಾಕ್ಟರು ಮಗುವಿಗೆ ರಕ್ತ ಕೊಡುವುದಕ್ಕೂ ಮೊದಲು ತಂದೆತಾಯಿಯರ ರಕ್ತವನ್ನೂ ಪರೀಕ್ಷೆಗೆ ಕಳುಹಿಸುತ್ತಾರೆ. ಆಗ ಗೊತ್ತಾಗುತ್ತದೆ: ಇಬ್ಬರೂ ಥಲಸ್ಸೇಮಿಯಾ ಮೈನರ್, ಮಗು ಥಲಸ್ಸೇಮಿಯಾ ಮೇಜರ್.

ಇಂಥ ಮನೆಗಳು ನಮ್ಮ ದೇಶದಲ್ಲಿ ಸಾವಿರಾರು ಇವೆ. ಆ ತಂದೆತಾಯಿಯರು ಯಾವ ತಪ್ಪನ್ನೂ ಮಾಡಿರಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

*ಏನಿದು ಥಲಸ್ಸೇಮಿಯಾ?*

ನಮ್ಮ ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ದೇಹಕ್ಕೆಲ್ಲ ತಲುಪಿಸುತ್ತದೆ. ಹಿಮೋಗ್ಲೋಬಿನ್ ತಯಾರಾಗಲು ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಎಳೆಗಳು ಬೇಕು. ಬೀಟಾ ಎಳೆಗೆ ಸಂಬಂಧಿಸಿದ ಜೀನ್ ನಮಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ.

👉 ಎರಡೂ ಸರಿಯಿದ್ದರೆ: ತೊಂದರೆ ಇಲ್ಲ.
👉 ಒಂದು ಕೆಟ್ಟು ಒಂದು ಸರಿಯಿದ್ದರೆ: *ಮೈನರ್*, ಅಂದರೆ ವಾಹಕ. ಸರಿಯಿರುವ ಒಂದು ಜೀನೇ ಕೆಲಸ ನಿಭಾಯಿಸುತ್ತದೆ. ಇದು ಕಾಯಿಲೆ ಅಲ್ಲ.
👉 ಎರಡೂ ಕೆಟ್ಟಿದ್ದರೆ: *ಮೇಜರ್*. ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸಲಾರದು.

ಮೇಜರ್ ಇರುವ ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ, ಏಕೆ? ಗರ್ಭದಲ್ಲಿರುವ ಮಗುವಿಗೆ ಬೇರೆ ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಅದಕ್ಕೆ ಬೀಟಾ ಎಳೆ ಬೇಡ. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಅದು ಕಡಿಮೆಯಾಗಿ ದೊಡ್ಡವರ ಹಿಮೋಗ್ಲೋಬಿನ್ ಬರಬೇಕು. ಅದು ಬಾರದಿದ್ದಾಗ ದೋಷ ಹೊರಬೀಳುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ.

*ಇದು ಬಚ್ಚಿಟ್ಟುಕೊಳ್ಳುವುದು ಹೇಗೆ?*

ಮೈನರ್ ಇರುವವರು ಓಡುತ್ತಾರೆ, ಆಡುತ್ತಾರೆ, ಲೋಕಲ್ ಟ್ರೇನಿನಲ್ಲಿ ನಿಂತು ಆಫೀಸಿಗೆ ಹೋಗಿಬರುತ್ತಾರೆ. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ಹತ್ತು ಹನ್ನೊಂದು ಇರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದರೆ, ಯಾರೂ ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. "ಐರನ್ ಕಡಿಮೆ ಇದೆ, ಮಾತ್ರೆ ತೊಗೊಳ್ಳಿ, ಖರ್ಜೂರ ತಿನ್ನಿ" ಎಂದು ಹೇಳಿ ಕಳುಹಿಸುತ್ತಾರೆ. ವರ್ಷಗಟ್ಟಲೆ ಐರನ್ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುವುದೇ ಇಲ್ಲ.

ಇಲ್ಲೊಂದು ಸುಳಿವು ಇದೆ. *ಐರನ್ ಮಾತ್ರೆ ನಿಯಮಿತವಾಗಿ ತೆಗೆದುಕೊಂಡರೂ ಹಿಮೋಗ್ಲೋಬಿನ್ ಏರದಿದ್ದರೆ ಥಲಸ್ಸೇಮಿಯಾ ಮೈನರ್ ಇದೆಯೇ ಎಂದು ಕೇಳಿ.* ಮೈನರ್ ಇರುವವರಲ್ಲಿ ಐರನ್ ಕೊರತೆ ಇರಲೇಬೇಕೆಂದಿಲ್ಲ. ಕೊರತೆ ಇಲ್ಲದೆ ವರ್ಷಾನುಗಟ್ಟಲೆ ಐರನ್ ತಿನ್ನುವುದು ಒಳ್ಳೆಯದಲ್ಲ. ಫೆರಿಟಿನ್ ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ಮಾತ್ರ ಡಾಕ್ಟರ ಸಲಹೆಯಂತೆ ತೆಗೆದುಕೊಳ್ಳಬೇಕು.

*ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ*

1️⃣ ಗಂಡ ಹೆಂಡತಿಯಲ್ಲಿ *ಒಬ್ಬರು ಮಾತ್ರ* ಮೈನರ್ ಆಗಿ, ಇನ್ನೊಬ್ಬರ ವರದಿ ಸರಿಯಿದ್ದರೆ: ಮಗುವಿಗೆ ಮೇಜರ್ ಬರುವ ಭಯವಿಲ್ಲ. ಪ್ರತಿ ಮಗುವೂ ಮೈನರ್ ಆಗುವ ಸಂಭವ 50%.

2️⃣ *ಇಬ್ಬರೂ* ಮೈನರ್ ಆಗಿದ್ದರೆ: ಪ್ರತಿ ಬಸುರಿನಲ್ಲೂ ಮೇಜರ್ ಆಗುವ ಸಂಭವ 25%, ಮೈನರ್ 50%, ಪೂರ್ತಿ ಸರಿ 25%.

"ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ" ಎಂದು ಕೆಲವರು ತಿಳಿಯುತ್ತಾರೆ. ಅದು ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

*ಮೇಜರ್ ಬಂದರೆ ಮುಂದೇನು?*

ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಜೀವನಪೂರ್ತಿ. ಹೊರಗಿನಿಂದ ಬಂದ ರಕ್ತದೊಂದಿಗೆ ಕಬ್ಬಿಣದ ಅಂಶವೂ ಬಂದು ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಶೇಖರವಾಗುತ್ತದೆ. ಅದನ್ನು ಹೊರಹಾಕಲು ಡೆಫೆರಾಸಿರಾಕ್ಸ್‌ನಂಥ ಔಷಧಿಯನ್ನು ತಪ್ಪದೆ ಕೊಡಬೇಕು. ಚೆನ್ನಾಗಿ ಚಿಕಿತ್ಸೆ ಸಿಕ್ಕ ಮಕ್ಕಳು ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಬಾಳುತ್ತಿದ್ದಾರೆ, ಇದು ಸಂತೋಷದ ವಿಷಯ. ಆದರೆ ತಿಂಗಳು ತಿಂಗಳೂ ರಜೆ ಹಾಕಿ, ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಾಡುವುದು ಬಂಧುಬಳಗವಿಲ್ಲದ ಪರಊರಿನ ಸಂಸಾರಕ್ಕೆ ಎಷ್ಟು ಕಷ್ಟ ಎಂಬುದು ನಿಮಗೇ ಗೊತ್ತು.

ಪೂರ್ತಿ ಗುಣಪಡಿಸುವ ದಾರಿ ಅಸ್ಥಿಮಜ್ಜೆ ಕಸಿ. ಅದಕ್ಕೆ ಹೊಂದುವ ದಾನಿ ಬೇಕು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದೂ ಹೊಂದುವ ಸಂಭವ 25% ಮಾತ್ರ. ಖರ್ಚು ಲಕ್ಷಗಟ್ಟಲೆ. ಇದಕ್ಕೆ ಹೋಲಿಸಿದರೆ ಮದುವೆಗೆ ಮುಂಚಿನ ಪರೀಕ್ಷೆಯ ಖರ್ಚು ಮದುವೆ ಮನೆಯ ಹೂವಿನ ಖರ್ಚಿಗೂ ಸಮನಲ್ಲ.

*"ಇದು ಸಿಂಧಿ, ಪಂಜಾಬಿಗಳಿಗೆ ಬರೋದು, ನಮಗಲ್ಲ"*

ಈ ಮಾತು ಅರ್ಧ ನಿಜ. ಸಿಂಧಿ, ಪಂಜಾಬಿ, ಗುಜರಾತಿನ ಲೋಹಾಣ ಮತ್ತು ಕಛ್ ಭಾನುಶಾಲಿ ಮುಂತಾದ ಸಮುದಾಯಗಳಲ್ಲಿ ವಾಹಕರು ಹೆಚ್ಚು. ಆದರೆ ಇಡೀ ದೇಶದ ಲೆಕ್ಕದಲ್ಲಿ ನೂರಕ್ಕೆ ಸುಮಾರು 3-4 ಜನ ವಾಹಕರು ಎಂದು ಹೇಳಲಾಗುತ್ತದೆ. ಯಾವ ಜಾತಿಗೂ ಊರಿಗೂ ವಿನಾಯಿತಿ ಇಲ್ಲ. ನಮ್ಮ ಕನ್ನಡ ಮನೆಗಳು ಎರಡು ಕಾರಣಕ್ಕೆ ಎಚ್ಚರವಾಗಿರಬೇಕು.

*ಒಂದು, ಸೋದರಿಕೆ.* ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ, ಸೋದರಮಾವನ ಮಗನಿಗೆ ಕೊಡುವುದು ನಮ್ಮಲ್ಲಿ ಇನ್ನೂ ಇದೆ. ಒಬ್ಬ ವ್ಯಕ್ತಿ ವಾಹಕನಾಗಿದ್ದರೆ ಅವನ ಅಕ್ಕನ ಮಗಳೂ ವಾಹಕಳಾಗಿರುವ ಸಂಭವ ಸುಮಾರು 25%. ಅತ್ತೆಯ ಮಗಳೋ ಮಾವನ ಮಗಳೋ ಆದರೆ ನೂರಕ್ಕೆ 12-13. ಹೊರಗಿನ ಸಂಬಂಧದಲ್ಲಿ ನೂರಕ್ಕೆ ಮೂರೋ ನಾಲ್ಕೋ ಇರುವುದು ಒಳಗಿನ ಸಂಬಂಧದಲ್ಲಿ ಇಷ್ಟು ಏರುತ್ತದೆ. ಸೋದರಿಕೆಯಲ್ಲಿ ಮನೆತನದ ಆಸ್ತಿಯ ಜೊತೆಗೆ ಮನೆತನದ ದೋಷವೂ ಮನೆಯಲ್ಲೇ ಉಳಿಯುತ್ತದೆ.

*ಎರಡು, ಹೊಸ ಸಂಬಂಧಗಳು.* ಮುಂಬೈಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಜೊತೆಗೆ ಓದಿದವರನ್ನು, ಜೊತೆಗೆ ಕೆಲಸ ಮಾಡುವವರನ್ನು ಮೆಚ್ಚುತ್ತಾರೆ. ಬಂಗಾಳ ಮತ್ತು ಈಶಾನ್ಯದಲ್ಲಿ ಹಿಮೋಗ್ಲೋಬಿನ್ ಇ ಎಂಬ ದೋಷ, ವಿದರ್ಭ ಹಾಗೂ ಮಧ್ಯಭಾರತದಲ್ಲಿ ಸಿಕಲ್ ಸೆಲ್ ದೋಷ ಇವೆ. ಥಲಸ್ಸೇಮಿಯಾ ಮೈನರ್ ಜೊತೆಗೆ ಇವು ಸೇರಿದರೂ ಮಗುವಿಗೆ ತೀವ್ರ ಕಾಯಿಲೆ ಬರಬಹುದು. ಆದ್ದರಿಂದ ಒಳಗಿನ ಸಂಬಂಧವಿರಲಿ, ಹೊರಗಿನದಿರಲಿ, ಪರೀಕ್ಷೆ ಒಂದೇ.

*ಯಾವ ಪರೀಕ್ಷೆ?*

✅ ಮೊದಲು *ಸಿಬಿಸಿ*. ಅದರಲ್ಲಿ ಹಿಮೋಗ್ಲೋಬಿನ್ ಒಂದನ್ನೇ ನೋಡಬೇಡಿ. ಎಂಸಿವಿ 80ಕ್ಕಿಂತ ಕಡಿಮೆ, ಎಂಸಿಎಚ್ 27ಕ್ಕಿಂತ ಕಡಿಮೆ ಇದ್ದು, ಕೆಂಪು ಕಣಗಳ ಸಂಖ್ಯೆ ಮಾತ್ರ 50 ಲಕ್ಷಕ್ಕಿಂತ ಹೆಚ್ಚಿದ್ದರೆ ಅನುಮಾನ ಪಡಬೇಕು.

✅ ಖಚಿತಪಡಿಸಲು *ಎಚ್‌ಪಿಎಲ್‌ಸಿ* ಪರೀಕ್ಷೆ. ಅದರಲ್ಲಿ ಎಚ್‌ಬಿ-ಎ2 ಎಂಬುದು ಶೇಕಡಾ 3.5ಕ್ಕಿಂತ ಹೆಚ್ಚು ಬಂದರೆ ಸಾಮಾನ್ಯವಾಗಿ ಮೈನರ್ ಎಂದರ್ಥ. ಅಂಚಿನಲ್ಲಿ ಬಂದರೆ ಡಾಕ್ಟರನ್ನು ಕೇಳಿ. ಐರನ್ ಕೊರತೆ ತೀವ್ರವಾಗಿದ್ದಾಗ ಈ ಅಂಕಿ ಕೆಳಗೆ ಇಳಿದು ಮೋಸ ಮಾಡಬಹುದು. ಕೊರತೆ ಸರಿಪಡಿಸಿ ಮತ್ತೆ ಮಾಡಿಸಬೇಕಾಗುತ್ತದೆ.

✅ ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಮೊದಲೇ ತಿಳಿಸಿ.

ಈ ಪರೀಕ್ಷೆ ಜೀವನದಲ್ಲಿ ಒಮ್ಮೆ ಸರಿಯಾಗಿ ಆದರೆ ಸಾಕು. ದೊಡ್ಡ ಲ್ಯಾಬುಗಳಲ್ಲಿ, ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಹೆಚ್ಚಿನ ಸಲಹೆ ಬೇಕಾದವರು ಮುಂಬೈ ಪರೇಲ್‌ನಲ್ಲಿರುವ ಐಸಿಎಂಆರ್‌ನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನೊಹೆಮಟಾಲಜಿ, ಹೈದರಾಬಾದಿನ ಥಲಸ್ಸೇಮಿಯಾ ಅಂಡ್ ಸಿಕಲ್ ಸೆಲ್ ಸೊಸೈಟಿ, ದೆಹಲಿಯ ಏಮ್ಸ್, ಚೆನ್ನೈ ಕಡೆಯವರು ವೆಲ್ಲೂರಿನ ಸಿಎಂಸಿಯಲ್ಲಿ ವಿಚಾರಿಸಬಹುದು.

*ಹೇಳಬೇಕೋ, ಮುಚ್ಚಿಡಬೇಕೋ?*

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದೇ. ಮಗಳ ವರದಿಯಲ್ಲಿ "ಮೈನರ್" ಎಂದು ಬಂದರೆ ತಾಯಿಯ ಎದೆ ಧಸಕ್ಕೆನ್ನುತ್ತದೆ. "ಹೇಳಿದರೆ ಸಂಬಂಧ ತಪ್ಪಿಹೋಗತದೆ, ಸುಮ್ಮನಿದ್ದುಬಿಡೋಣ" ಎನಿಸುತ್ತದೆ. ಈ ಭಯ ಸಹಜ. ಆದರೆ ಮೇಲಿನ ಲೆಕ್ಕ ನೋಡಿ: ಇನ್ನೊಬ್ಬರ ವರದಿ ಸರಿಯಿದ್ದರೆ ಈ ಮದುವೆಗೆ ಯಾವ ಅಡ್ಡಿಯೂ ಇಲ್ಲ! ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಅದು ಸರಿಯೇ ಇರುತ್ತದೆ. ಹೇಳಿದರೆ ಹೆಚ್ಚೆಂದರೆ ಅವರದೂ ಒಂದು ಪರೀಕ್ಷೆ ಆಗುತ್ತದೆ. ಮುಚ್ಚಿಟ್ಟರೆ ಉಳಿದ ಕೆಲವರಲ್ಲಿ ನಾವೇ ಆಗಿಬಿಡಬಹುದು. ಅದರ ಬೆಲೆ ತೆರುವುದು ಒಂದು ಮಗು. ಆಮೇಲೆ ಹಳೆಯ ವರದಿ ಹೊರಬಿದ್ದರೆ ಗಂಡ ಹೆಂಡತಿಯ ನಡುವೆ ನಂಬಿಕೆಯೂ ಉಳಿಯುವುದಿಲ್ಲ.

ಹೇಗೆ ಹೇಳುವುದು? ನಿಶ್ಚಿತಾರ್ಥಕ್ಕೆ ಮುಂಚೆ, ಜಾತಕ ಕೂಡಿಬಂದ ಕೂಡಲೇ, ಹಿರಿಯರೊಬ್ಬರು ಸರಳವಾಗಿ ಹೇಳಬಹುದು:

"ನಮ್ಮ ಹುಡುಗಿಯ ರಕ್ತ ಪರೀಕ್ಷೆ ಮಾಡಿಸಿದೀವಿ. ಥಲಸ್ಸೇಮಿಯಾ ಮೈನರ್ ಅಂತ ಬಂದಿದೆ. ಅವಳಿಗೆ ಏನೂ ತೊಂದರೆ ಇಲ್ಲ. ನಿಮ್ಮ ಹುಡುಗನದೂ ಒಂದ್ಸಲ ಮಾಡಿಸಿಬಿಡಿ, ಡಾಕ್ಟರ ಹತ್ತಿರ ಎರಡೂ ಒಟ್ಟಿಗೆ ತೋರಿಸೋಣ."

ಇನ್ನೂ ಒಳ್ಳೆಯ ದಾರಿ: *ಎರಡೂ ಕಡೆಯವರು ಕೇಳದೆಯೇ ತಮ್ಮ ವರದಿಯನ್ನು ಜಾತಕದ ಜೊತೆಗೇ ಇಡುವುದು.* ಆಗ ಯಾರೂ ಯಾರನ್ನೂ ಅನುಮಾನಿಸಿದಂತಾಗುವುದಿಲ್ಲ. ಗಂಡಿನ ಕಡೆಯವರಿಗೆ ಒಂದು ಮಾತು: ಪರೀಕ್ಷೆ ಹುಡುಗಿಗೆ ಮಾತ್ರ ಎನ್ನಬೇಡಿ. ಈ ದೋಷ ಗಂಡಿಗೂ ಹೆಣ್ಣಿಗೂ ಸಮಸಮ.

ವರದಿಯಲ್ಲಿ ಮೈನರ್ ಬಂದವರು ತಮ್ಮ ಅಣ್ಣತಮ್ಮ, ಅಕ್ಕತಂಗಿ, ಚಿಕ್ಕಪ್ಪ, ಸೋದರಮಾವಂದಿರ ಮಕ್ಕಳಿಗೂ ತಿಳಿಸಬೇಕು. ನಿಮ್ಮ ಒಂದು ಫೋನ್ ಕರೆ ಊರಿನಲ್ಲಿರುವ ಇನ್ನೊಂದು ಮನೆಯನ್ನು ಉಳಿಸಬಹುದು.

*ಮದುವೆ ಆಗಿಹೋಗಿದ್ದರೆ?*

ಗಾಬರಿ ಬೇಡ. ಮಗುವಿಗೆ ಮುಂಚೆಯೇ ಇಬ್ಬರೂ ಪರೀಕ್ಷೆ ಮಾಡಿಸಿ. ಬಸುರಿ ಆಗಿದ್ದರೆ ಮೊದಲ ಭೇಟಿಯಲ್ಲೇ ಡಾಕ್ಟರನ್ನು ಕೇಳಿ. ಹೆಂಡತಿ ಮೈನರ್ ಎಂದು ಬಂದರೆ ಗಂಡನ ಪರೀಕ್ಷೆ *ಅದೇ ವಾರ* ಆಗಬೇಕು. ಇಬ್ಬರೂ ಮೈನರ್ ಆಗಿದ್ದರೆ ಸುಮಾರು 11ನೇ ವಾರದಿಂದ ಗರ್ಭದ ಮಗುವಿನ ಪರೀಕ್ಷೆ ಸಾಧ್ಯ. ಲಿಂಗ ತಿಳಿಸುವುದು ಕಾನೂನು ಪ್ರಕಾರ ಅಪರಾಧ, ಆದರೆ ಇಂಥ ರಕ್ತದೋಷದ ಪರೀಕ್ಷೆಗೆ ಅದೇ ಕಾನೂನಿನಲ್ಲಿ ಅವಕಾಶ ಇದೆ. ಮುಂದಿನ ನಿರ್ಧಾರ ತಂದೆತಾಯಿಯರದು, ಅದಕ್ಕೆ ಕಾನೂನಿನ ಕಾಲಮಿತಿ ಇದೆ. ಆದ್ದರಿಂದಲೇ ತಡ ಮಾಡಬಾರದು. ಸೀಮಂತಕ್ಕೆ ತವರಿಗೆ ಹೋದಾಗ ನೋಡೋಣ ಎಂದರೆ ಕಾಲ ಮೀರಿರುತ್ತದೆ.

*ಒಂದು ಪುಟ್ಟ ದ್ವೀಪದ ಪಾಠ*

ಸೈಪ್ರಸ್ ದ್ವೀಪದಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರು ವಾಹಕರು. 1970ರ ದಶಕದಲ್ಲಿ ಅಲ್ಲಿ ಪರೀಕ್ಷೆ ಶುರುವಾಯಿತು. 1980ರ ದಶಕದಲ್ಲಿ ಅಲ್ಲಿಯ ಚರ್ಚ್ ಮದುವೆಗೆ ಮುಂಚೆ ಪರೀಕ್ಷೆಯ ಪ್ರಮಾಣಪತ್ರ ಕೇಳತೊಡಗಿತು. ಅದರಲ್ಲಿ ಬರೆಯುವುದು ಪರೀಕ್ಷೆ ಆಗಿದೆ, ಸಲಹೆ ಪಡೆದಿದ್ದಾರೆ ಎಂದಷ್ಟೇ. ಇಬ್ಬರೂ ವಾಹಕರಾಗಿದ್ದ ಜೋಡಿಗಳಲ್ಲೂ ಬಹುಪಾಲು ಜನ ತಿಳಿದೇ ಮದುವೆಯಾದರು, ಆಮೇಲೆ ಗರ್ಭದಲ್ಲೇ ಪರೀಕ್ಷೆ ಮಾಡಿಸಿಕೊಂಡರು. ಮೇಜರ್ ಇರುವ ಮಕ್ಕಳು ಹುಟ್ಟುವುದು ಅಲ್ಲಿ ಬಹುತೇಕ ನಿಂತೇಹೋಯಿತು. ಗುಟ್ಟು ಬಯಲಾದರೆ ಮದುವೆ ಮುರಿಯುತ್ತದೆ ಎಂಬ ಭಯ ಅಲ್ಲಿ ಸುಳ್ಳಾಯಿತು.

📌 *ನೆನಪಿಡಿ*

• ಮೈನರ್ ಕಾಯಿಲೆಯಲ್ಲ, ಅಂಟುವುದಿಲ್ಲ, ಮೇಜರ್ ಆಗಿ ಬದಲಾಗುವುದಿಲ್ಲ.
• ಮೈನರ್ ಇರುವವರು ಮದುವೆ ಆಗಬಹುದು, ಮಕ್ಕಳನ್ನು ಪಡೆಯಬಹುದು.
• ಇಬ್ಬರೂ ಮೈನರ್ ಆಗಿದ್ದರೆ ಮಾತ್ರ ಮೊದಲೇ ಯೋಚಿಸಬೇಕು, ಸಲಹೆ ಪಡೆಯಬೇಕು.
• ಕಾಲೇಜಿನಲ್ಲಿರುವ ಮಕ್ಕಳಿಗೆ ಈಗಲೇ ಪರೀಕ್ಷೆ ಮಾಡಿಸಿ, ವರದಿಯನ್ನು ಆಧಾರ್ ಕಾರ್ಡಿನಷ್ಟೇ ಜೋಪಾನವಾಗಿ ಇಡಿ.

ಪ್ರತಿ ವರ್ಷ ಮೇ 8 ವಿಶ್ವ ಥಲಸ್ಸೇಮಿಯಾ ದಿನ. ಅಲ್ಲಿಯವರೆಗೆ ಕಾಯಬೇಡಿ. ಮುಂದಿನ ಭಾನುವಾರ ಮನೆಮಂದಿ ಕೂತಾಗ ಈ ವಿಷಯ ತೆಗೆಯಿರಿ.

ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ವರದಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿಯೇ ನಿರ್ಧಾರ ತೆಗೆದುಕೊಳ್ಳಿ. ಉಪಯುಕ್ತ ಎನಿಸಿದರೆ ನಿಮ್ಮ ಕನ್ನಡ ಸಂಘದ, ಬಂಧುಬಳಗದ ಗುಂಪುಗಳಿಗೆ ಕಳುಹಿಸಿ, ಮುಖ್ಯವಾಗಿ ಸಂಬಂಧ ನೋಡುತ್ತಿರುವ ಮನೆಗಳಿಗೆ.

ಎಲ್ಲರಿಗೂ ಆರೋಗ್ಯ ಭಾಗ್ಯ ಲಭಿಸಲಿ. 🌿